ಎಂಜಲ

ಹುಡುಗನ ಜೋಡಿ ಯಾರ್ಯಾರು ಉಂಡ್ರಿ,
ಯಾರ್ಯಾರು ಮಲಗಿದ್ರಿ, ಯಾರ ಲೋಟ ಯಾರ ಬಾಯಿಗೆ
ಅಂತ ಡಾಕ್ಟರ್ ಬಾಯಿ ಕೇಳಿದ್ರು.
ಸೋಲಾಪುರದ ಸಿವಿಲ್ ಆಸ್ಪತ್ರಿ ವರಾಂಡದಾಗ
ಹನ್ನೊಂದು ಮಂದಿ ಬ್ಯಾಂಡಿನವರು,
ಕೆಂಪು ಕೋಟು, ಹಿತ್ತಾಳಿ ಗುಂಡಿ,
ವರಾತ ಅರ್ಧಕ್ಕ ಬಿಟ್ಟು ಸೀದಾ ಬಂದವರು,
ಒಬ್ಬರ ಮುಖ ಒಬ್ಬರು ನೋಡಿಕೋತ ನಿಂತಿದ್ವಿ.

ಏನಂತ ಹೇಳೂದು?
ಮಾಘದ ತಿಥಿ. ಹತ್ತು ದಿನದಾಗ ಏಳು ಮದುವಿ.
ಮೈಂದರ್ಗಿ, ದುಧನಿ, ವಳಸಂಗ.
ಟೆಂಪೋದಾಗ ಒಂದ ತಾಡಪತ್ರಿ, ಎರಡು ಕೌದಿ.
ಲಾಲಸಾಬನ ಡೋಲಿಗೆ ತಲಿ ಕೊಟ್ಟು ನಾನು,
ನನ್ನ ತೋಳಿಗೆ ತಲಿ ಕೊಟ್ಟು ಖಂಡೂ.
ಹದಿನಾಲ್ಕು ವರ್ಷದ ಉಸಿರು
ರಾತ್ರಿಯೆಲ್ಲಾ ನನ್ನ ಗದ್ದಕ್ಕ ಬಡಿತಿತ್ತು.

ಅವನಿಗೆ ಸ್ವಂತ ಕ್ಲಾರಿನೆಟ್ ಎಲ್ಲಿಂದ ಬರಬೇಕು?
ನಾ ಊದಿ ಕೊಡ್ತಿದ್ದೆ, ಅವ ಊದಿ ಕೊಡ್ತಿದ್ದ.
ಮೊದಲ ದಿನ ಅಂಗಿ ಚುಂಗಿಲೆ ರೀಡ್ ಒರಸಾಕ ಹೋದ.
ಒರಸಬ್ಯಾಡೋ ಮಗನ ಅಂದೆ,
ಹಸಿ ಇದ್ದರನ ಸ್ವರ ಏಳತದ.
ಗುರುವಿನ ಎಂಜಲಕ್ಕ ಅಸಹ್ಯ ಪಟ್ಟವಗ
ಭೀಮಪಲಾಸ ಒಲಿಯೂದಿಲ್ಲ.
ನಕ್ಕ, ಮುಂದಿನ ಹಲ್ಲಿನ ಸಂದಿ ಕಾಣೂ ಹಂಗ.

ಮದುವಿ ಮನ್ಯಾಗ ಒಳಗಿನವರಿಗೆ ಸ್ಟೀಲ್ ಲೋಟ,
ನಮಗ ಕಾಗದದ ಕಪ್ಪು.
ನಮ್ಮಪ್ಪನ ಕಾಲಕ್ಕ ಅದೂ ಇಲ್ಲ, ಬೊಗಸಿ.
ಜನ್ಮಪೂರ್ತಿ ನಮ್ಮ ಬಾಯಿಗೆ ಹೆದರಿದ ಮಂದಿ ಮುಂದ
ನಮ್ಮನಮ್ಮೊಳಗ ಒಂದ ಲೋಟ ತಿರುಗೂದು
ಒಂದು ಹಟ ಅನ್ರಿ,
ಮಾಯೆ ಅನ್ರಿ.

ಡಾಕ್ಟರ್ ಬಾಯಿ ಬೈಲಿಲ್ಲ.
ಕೇಸ್ ಪೇಪರಿನ ಹಿಂದ ಪೆನ್ನಿಲೆ ಬರದು ತೋರಿಸಿದ್ರು:
ತೊಗರಿ ಬ್ಯಾಳಿಯ ಎರಡು ಹೋಳು ಎದುರಾಬದುರು ಕುಂತಂಗ.
ಇಂಥಾ ಜೋಡಿ ಹತ್ತು ಮಂದ್ಯಾಗ ಒಬ್ಬರ ಗಂಟಲದಾಗ ಇರ್ತಾವ,
ಬಾಡಿಗಿ ಇಲ್ಲ, ಗದ್ದಲಾ ಇಲ್ಲ.
ತಿಂಗಳೋ, ಆರು ತಿಂಗಳೋ ಇದ್ದು ಹೇಳದ ಹೋಗ್ತಾವ.
ಹೊತ್ತವಗ ಒಂದು ಕೆಮ್ಮೂ ಬರೂದಿಲ್ಲ.
ಎಲ್ಲೋ ಒಬ್ಬನೊಳಗ
(ಯಾಕಂತ ನಮಗೂ ಪೂರಾ ಗೊತ್ತಿಲ್ಲ ಅಂದ್ರು)
ಗಂಟಲ ಗ್ವಾಡಿ ದಾಟಿ ರಕ್ತಕ್ಕ ಇಳೀತಾವ.

ಖಂಡೂನೊಳಗ ಇಳದದ್ದು ಮಂಗಳವಾರ.
ಮುಂಜಾನಿ ತಲಿ ಸಿಡೀತದ ಅಂದ.
ಮಧ್ಯಾಹ್ನ ಬಾಗಿಲಾ ಹಾಕ್ರಿ, ಬೆಳಕು ಚುಚ್ಚತದ ಅಂದ.
ಸಂಜೀಕ ಕುತ್ತಿಗಿ ಬಗ್ಗಲಿಲ್ಲ.
ತೊಡಿ ಮ್ಯಾಲ ನೇರಳಿ ಬಣ್ಣದ ಕಲಿ.
ಅವರವ್ವ ಶೇವಂತಿ ಬೆರಳಿಟ್ಟು ಒತ್ತಿದ್ಳು,
ಮತ್ತ ಒತ್ತಿದ್ಳು.
ಮಾಸಲಿಲ್ಲ.

ನನಗ ಅವತ್ತು ಛಲೋ ಹಸಿವಿತ್ತು.
ಎರಡು ಭಕ್ಕರಿ ಉಂಡಿದ್ದೆ.

ಯಾರಿಂದ ಬಂತ್ರಿ ಇದು, ಶೇವಂತಿ ಕೇಳಿದ್ಳು.
ಹೇಳಾಕ ಬರೂದಿಲ್ಲ ತಂಗಿ,
ಇದರಾಗ ಯಾರ ತಪ್ಪೂ ಇಲ್ಲ.
ಆಕಿ ತಲಿ ಹಾಕಿದ್ಳು.
ನಾ ನನ್ನ ಕೋಟಿನ ಗುಂಡಿ ಎಣಿಸಿದೆ. ಏಳು.
ಮತ್ತ ಎಣಿಸಿದೆ.

ಎಲ್ಲರಿಗೂ ಗುಳಿಗಿ ಕೊಟ್ರು, ಎರಡು ದಿನದ್ದು.
ಮೂತ್ರ ಕೆಂಪಾಗ್ತದ, ಹೆದರಬ್ಯಾಡ್ರಿ,
ಅತ್ತರ ಕಣ್ಣೀರೂ ಕೆಂಪ ಬರ್ತದ.
ಅಳೂದೆಲ್ಲಿಂದ ಬಂತ್ರಿ ಬಾಯಿ, ಲಾಲಸಾಬ ನಗಾಡಿದ.
ಆ ಎರಡು ದಿನ ನನ್ನ ಟವೆಲ್
ಹೆಂಡತಿ ಕೈಗೆ ಕೊಡಲಿಲ್ಲ,
ನಸುಕಿನ್ಯಾಗ ಎದ್ದು ನಾನ ಒಗದೆ.

ಖಂಡೂ ಬದುಕ್ಯಾನ.
ಬಲಗಿವಿ ಪೂರಾ ಹೋಗ್ಯದ, ಎಡಗಿವಿ ಮುಕ್ಕಾಲು.
ಡೋಲು ಬಡದರ ಎದಿ ಮುಟ್ಟಿಕೊಂಡು
ಇಲ್ಲಿ ಬರ್ತದ ಅಂತಾನ.

ನಿನ್ನೆ ಬಂದು ಕೈ ಚಾಚಿದ.
ನಾ ಮೌತ್‌ಪೀಸ್ ಬಿಚ್ಚಿ ಸಾಬಾಣ ಹಚ್ಚಿ ತೊಳದೆ,
ರೀಡ್ ಹೊಸಾದು ಹಾಕಿದೆ,
ಆದರೂ ಒರಸಿದೆ, ಮತ್ತ ಒರಸಿದೆ.
ಅವ ನನ್ನ ಕೈಯನ್ನ ನೋಡ್ತಿದ್ದ,
ಆಮ್ಯಾಲ ನನ್ನ ತುಟಿ.
ಈಗೀಗ ತುಟಿ ನೋಡೇ ಮಾತು ತಿಳಕೋತಾನ.

ನಾ ಬಾಯಿ ಬಿಡಲಿಲ್ಲ.